ಪ್ರೋಟೀನಿನ 'ಓದು': ಒಂದು ವಿಮರ್ಶೆ

ಟೆಕ್ಸಾಸ್ ವಿಶ್ವವಿದ್ಯಾನಿಲಯದ ಜಗನ್ನಾಥ್ ಸ್ವಾಮಿನಾಥನ್, ಎಡ್ವರ್ಡ್ ಮಾರ್ಕೊಟ್ ಮತ್ತು ಅವರ ಸಂಗಡಿಗರು ೨೦೧೮ರಲ್ಲಿ ಪ್ರಕಟಿಸಿದ ವಿಧಾನವು ಪ್ರೋಟೀನಿನ ತುಣುಕುಗಳನ್ನು ಒಂದೊಂದೇ ಅಣುವಾಗಿ ಓದುವುದೆಂದು ಪ್ರಸಿದ್ಧವಾಗಿದೆ. 'ಓದು' ಎಂಬ ಮಾತನ್ನು ನಾವು ಒಪ್ಪಲಾರೆವು. ಇಲ್ಲಿ ಲೈಸೀನ್, ಸಿಸ್ಟೀನ್ ಮುಂತಾದ ಕೆಲವೇ ಅಮೈನೋ ಆಮ್ಲಗಳಿಗೆ ಹೊಳೆಯುವ ಬಣ್ಣವನ್ನು ಅಂಟಿಸುತ್ತಾರೆ. ೧೯೫೦ರಲ್ಲಿ ಎಡ್ಮನ್ ತೋರಿಸಿದ ಕ್ರಮದಂತೆ ತುದಿಯಿಂದ ಒಂದೊಂದನ್ನೇ ಕಳಚುತ್ತ, ಬೆಳಕು ಯಾವ ಸುತ್ತಿನಲ್ಲಿ ಕುಂದಿತೆಂಬುದನ್ನು ಸೂಕ್ಷ್ಮದರ್ಶಕದಲ್ಲಿ ಗುರುತಿಸುತ್ತಾರೆ. ಉಳಿದುದೆಲ್ಲ ಕತ್ತಲೆ, ಅದನ್ನು ತುಂಬುವುದು ಮೊದಲೇ ತಿಳಿದ ಪ್ರೋಟೀನುಗಳ ಪಟ್ಟಿ. ಸವೆದ ಸಾಲನ್ನು ತಿಳಿದ ಪಾಠಕ್ಕೆ ಹೋಲಿಸಿ ತುಂಬುವ ಕೆಲಸ ಶಾಸನಪಾಠಕನಿಗೂ ಪರಿಚಿತವೇ. ಆದರೆ ತುಂಬಿದುದನ್ನು ಅವನು ಕಂಸದೊಳಗೆ ಇಡುತ್ತಾನೆ.

ಬೈರಮಂಗಲಕ್ಕೆ ದೂರವಲ್ಲದ ರಾಮನಗರದ ಮಾರುಕಟ್ಟೆಗೆ ಬರುವ ರೇಷ್ಮೆಗೂಡನ್ನೇ ನೋಡೋಣ. ಅದರ ನೂಲಿನ ಮುಖ್ಯ ಪ್ರೋಟೀನಾದ ಫೈಬ್ರಾಯಿನಿನ ದೊಡ್ಡ ಸರಪಳಿಯಲ್ಲಿ ೫,೨೬೩ ಘಟಕಗಳಿವೆ. ಅದರ ಸಂಪೂರ್ಣ ಅನುಕ್ರಮ ೨೦೦೦ದಲ್ಲಿ ತಿಳಿದುಬಂದುದು ಜೀನಿನಿಂದ, ನೂಲಿನಿಂದಲ್ಲ. ಗ್ಲೈಸೀನ್, ಅಲನೀನ್, ಸೆರೀನ್ ಮೂರೇ ಸೇರಿ ನೂರಕ್ಕೆ ೮೮ರಷ್ಟು. ಲೈಸೀನ್, ಸಿಸ್ಟೀನ್‌ಗಳು ಅತಿ ವಿರಳ. ಮೂರು ಅಕ್ಷರಗಳ ಈ ದೀರ್ಘ ಪುನರುಕ್ತಿಯಲ್ಲಿ ಆ ಎರಡರ ಬಣ್ಣ ಏನನ್ನು ಓದೀತು?

ಮಿಶ್ರಣದಲ್ಲಿ ವಿರಳವಾದ ಅಣುವನ್ನು ಹುಡುಕಿ ಎಣಿಸುವ ಶಕ್ತಿ ಈ ವಿಧಾನಕ್ಕಿದೆ, ಅದು ಅಲ್ಪವಲ್ಲ. ಅದನ್ನು 'ಗುರುತಿಸುವಿಕೆ' ಎಂದು ಕರೆದರೆ ನಮ್ಮ ಆಕ್ಷೇಪವಿಲ್ಲ.