ಹಾಡಿಗೊಂದು ಹೊದಿಕೆ

ಸಂಗೀತದ ಬಗ್ಗೆ ಬರೆಯಲು ನಮ್ಮ ಸಂಘದಲ್ಲಿ ಬಲ್ಲವರು ಬೇಕಾದಷ್ಟು ಮಂದಿ ಇದ್ದಾರೆ. ನಾವು ಬರೆಯ ಹೊರಟಿರುವುದು ಸಂಗೀತವನ್ನು ಸುತ್ತಿಕೊಂಡು ಬರುವ ಕಾಗದದ ಬಗ್ಗೆ. ಬೆಂಗಳೂರಿನಲ್ಲಿ ಅನ್ವಯಿಕ ಕಲೆ ಓದಿ, ನೈರೋಬಿಗೆ ಬಂದು ಬಿಸ್ಕತ್ತು, ಸೋಪುಗಳ ಡಬ್ಬಿಗೆ ಚಿತ್ರ ಬರೆಯುತ್ತ ಎಂಬಕಸಿಯಲ್ಲಿ ನೆಲೆಸಿದ ನಮಗೆ ಹಾಡಿನ ಡಬ್ಬಿಯ ಮೇಲೂ ಒಂದು ಕಣ್ಣು. ಕನ್ನಡದಲ್ಲಿ ಕವಿತೆಗೆ ವಿಮರ್ಶೆ ಉಂಟು, ಗಾಯನಕ್ಕೆ ವಿಮರ್ಶೆ ಉಂಟು, ಪುಸ್ತಕದ ಮುಖಪುಟಕ್ಕೆ ಬಹುಮಾನವೂ ಉಂಟು. ಕ್ಯಾಸೆಟ್ಟಿನ ಮುಖಪುಟದ ಬಗ್ಗೆ ಮಾತಾಡಿದವರು ಮಾತ್ರ ಕಡಿಮೆ. ಆದರೆ ಪರದೇಶದಲ್ಲಿರುವ ನಮ್ಮಂಥ ಸಂಸಾರಗಳಲ್ಲಿ ಎಷ್ಟೋ ಮಕ್ಕಳು ಮೊದಲು ಕೈಯಲ್ಲಿ ಹಿಡಿದ ಕನ್ನಡದ ಅಚ್ಚು ಆ ಅಂಗೈ ಅಗಲದ ಕಾಗದವೇ. ಅದಕ್ಕಾಗಿ ಈ ನಾಲ್ಕು ಮಾತು.

ಹಾಡಿನ ತಟ್ಟೆಗೆ ಚಿತ್ರದ ಹೊದಿಕೆ ಹುಟ್ಟಿದಾಗಿನಿಂದಲೂ ಇದ್ದದ್ದಲ್ಲ. ಗ್ರಾಮಫೋನ್ ತಟ್ಟೆಗಳು ಬಹುಕಾಲ ಕಂಪನಿಯ ಹೆಸರು ಹೊತ್ತ ಒರಟು ಕಾಗದದ ಚೀಲದಲ್ಲೇ ಬರುತ್ತಿದ್ದವು. ನಡುವಿನ ದುಂಡು ತೂತಿನಲ್ಲಿ ತಟ್ಟೆಯ ಚೀಟಿ ಕಾಣಿಸಿದರೆ ಅಷ್ಟೇ ಅಲಂಕಾರ. ಅಮೆರಿಕದ ಕೊಲಂಬಿಯಾ ಕಂಪನಿಯಲ್ಲಿ ಅಲೆಕ್ಸ್ ಸ್ಟೈನ್‌ವೈಸ್ ಎಂಬ ಇಪ್ಪತ್ತಮೂರರ ಹುಡುಗ 1940ರಲ್ಲಿ ಹಾಡಿನ ಆಲ್ಬಮ್ಮಿಗೆ ಚಿತ್ರದ ಮುಖಪುಟ ಮಾಡಿಕೊಟ್ಟ. ಅಲ್ಲಿಂದ ಈ ಕಸುಬು ಶುರುವಾಯಿತು. ಕೀನ್ಯಾದಲ್ಲೂ ಏಳು ಅಂಗುಲದ ತಟ್ಟೆಗಳು ಹೆಚ್ಚಾಗಿ ಬರಿಯ ಕಾಗದದ ಚೀಲದಲ್ಲೇ ಮಾರಾಟವಾದವು. ನಮಗೂ ಈ ನಾಡಿಗೂ ಇನ್ನೊಂದು ನಂಟಿದೆ. ಜಾಂಜಿಬಾರಿನ ಪ್ರಸಿದ್ಧ ಗಾಯಕಿ ಸಿತಿ ಬಿಂತಿ ಸಾದ್ ಅವರ ಸ್ವಾಹಿಲಿ ಹಾಡುಗಳ ತಟ್ಟೆಗಳಿಗೆ 1928ರಲ್ಲಿ ಧ್ವನಿಮುದ್ರಣ ನಡೆದದ್ದು ನಮ್ಮ ಮುಂಬಯಿಯಲ್ಲಿ. ಹಾಡಿಗೆ ಹಡಗಿನ ಪ್ರಯಾಣ ಹೊಸದೇನಲ್ಲ.

ನಾವು ಓದುತ್ತಿದ್ದದ್ದು 1980ರ ದಶಕದ ಮೊದಲ ವರ್ಷಗಳಲ್ಲಿ. ಆಗ ಕನ್ನಡದಲ್ಲಿ ಭಾವಗೀತೆಯ ಗಾಳಿ ಬೀಸುತ್ತಿತ್ತು. ಕೆ.ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' 1978ರಲ್ಲಿ ಧ್ವನಿಸುರುಳಿಯಾಗಿ ಬಂದಿತ್ತು. ಕನ್ನಡದ ಮೊದಲ ಭಾವಗೀತೆಗಳ ಧ್ವನಿಸುರುಳಿ ಎಂದು ಅದಕ್ಕೆ ಹೆಸರು. ನಮ್ಮ ಮೇಷ್ಟ್ರು ತರಗತಿಗೆ ಅದನ್ನೇ ಅಭ್ಯಾಸಕ್ಕೆ ಕೊಟ್ಟರು. ಮೊದಲು ಹನ್ನೆರಡು ಅಂಗುಲದ ಎಲ್.ಪಿ.ಗೆ ಹೊದಿಕೆ ಬರೆಯಬೇಕು, ಆಮೇಲೆ ಅದೇ ಚಿತ್ರವನ್ನು ಕ್ಯಾಸೆಟ್ಟಿಗೆ ಇಳಿಸಬೇಕು.

ಇಳಿಸುವುದು ಎಂದರೇನು ಎಂಬುದು ಅಳತೆಪಟ್ಟಿ ಹಿಡಿದಾಗಲೇ ತಿಳಿಯುವುದು. ಎಲ್.ಪಿ.ಯ ಹೊದಿಕೆ ಸುಮಾರು 31 ಸೆಂಟಿಮೀಟರಿನ ಚೌಕ. ಕ್ಯಾಸೆಟ್ಟಿನ ಮುಖ ಸುಮಾರು 10 ಸೆಂಟಿಮೀಟರ್ ಎತ್ತರ, ಆರೂವರೆ ಅಗಲ. ಲೆಕ್ಕ ಹಾಕಿದರೆ ಹದಿನೈದರಲ್ಲಿ ಒಂದು ಪಾಲು ಜಾಗ. ಸಾಲದ್ದಕ್ಕೆ ಚೌಕ ಹೋಗಿ ನಿಲುವು ಬಂತು, ಪಕ್ಕಗಳನ್ನು ಕತ್ತರಿಸದೆ ವಿಧಿಯಿಲ್ಲ. ಬೆನ್ನಿಗೆ ಉಳಿಯುವುದು ಒಂದು ಬೆರಳಿನ ದಪ್ಪ. ಅಂಗಡಿಯ ಸಾಲಿನಲ್ಲಿ ಗಿರಾಕಿಗೆ ಕಾಣುವುದು ಆ ಬೆನ್ನು ಮಾತ್ರ.

ತರಗತಿಯಲ್ಲಿ ಹೆಚ್ಚಿನವರು ಮಾಡಿದ್ದು ಒಂದೇ ಬಗೆ. ಆ ಕವಿತೆಯಲ್ಲಿ ಜೋಗ ಬರುತ್ತದೆ, ಆದ್ದರಿಂದ ಜಲಪಾತ. ತುಂಗೆ ಬರುತ್ತಾಳೆ, ಆದ್ದರಿಂದ ಹೊಳೆ. ಸಹ್ಯಾದ್ರಿ ಬರುತ್ತದೆ, ಆದ್ದರಿಂದ ಬೆಟ್ಟ. ಖಾಲಿ ಉಳಿದ ಮೂಲೆಗೆ ಒಂದು ವೀಣೆ. ಪೋಸ್ಟರ್ ಬಣ್ಣದಲ್ಲಿ ದೊಡ್ಡ ಹಾಳೆಯ ಮೇಲೆ ಅವು ಕಣ್ಣಿಗೆ ಹಬ್ಬವಾಗಿಯೇ ಇದ್ದವು. ಕ್ಯಾಸೆಟ್ಟಿಗೆ ಇಳಿದಾಗ ಜಲಪಾತ ಬಿಳಿ ದಾರವಾಯಿತು, ಬೆಟ್ಟ ಹಸಿರು ಕಲೆಯಾಯಿತು. ಮೇಷ್ಟ್ರು ಒಂದೊಂದನ್ನೇ ನೋಡಿ, "ಇದು ಹಾಡಲ್ಲಪ್ಪ, ಹಾಡಿನ ಸಾಮಾನು ಪಟ್ಟಿ" ಎಂದರು.

ಒಬ್ಬ ಸಹಪಾಠಿ ಮಾತ್ರ ಬೇರೆ ದಾರಿ ಹಿಡಿದಿದ್ದ. ಒಂದು ಹೊಸ್ತಿಲು, ಅದರ ಮುಂದೆ ಅರ್ಧ ಬರೆದ ರಂಗೋಲಿ, ಇನ್ನರ್ಧಕ್ಕೆ ಚುಕ್ಕಿಗಳು ಮಾತ್ರ. ನಿನ್ನೆಯದನ್ನು ಗುಡಿಸಿ ಇವತ್ತು ಮತ್ತೆ ಬರೆಯುವುದು. ನಿತ್ಯದ ಉತ್ಸವ ಎಂದರೆ ಅದೇ ತಾನೆ? ಕವಿತೆಯಲ್ಲಿ ಇಲ್ಲದ ವಸ್ತುವಿನಿಂದ ಕವಿತೆಯ ಭಾವವನ್ನು ಅವನು ಹಿಡಿದಿದ್ದ. ಚುಕ್ಕಿ, ಗೆರೆಗಳ ಚಿತ್ರವಾದ್ದರಿಂದ ಅಂಗೈ ಅಗಲಕ್ಕೆ ಇಳಿಸಿದಾಗಲೂ ಒಂದು ಎಳೆ ಕಳೆಯಲಿಲ್ಲ. ಹೊದಿಕೆಯ ಚಿತ್ರ ಹಾಡಿನ ಪದಗಳನ್ನು ಎಣಿಸಿ ತೋರಿಸುವುದಲ್ಲ, ಹಾಡು ಮುಗಿದ ಮೇಲೆ ಮನಸ್ಸಿನಲ್ಲಿ ಉಳಿಯುವುದನ್ನು ಹೇಳುವುದು ಎಂಬ ಪಾಠ ನಮಗೆ ಅಲ್ಲಿ ಸಿಕ್ಕಿತು.

ಆ ಪಾಠದ ಕನ್ನಡಕ ಹಾಕಿಕೊಂಡು ನಮ್ಮ ಮನೆಗಳ ಅಟ್ಟದಲ್ಲಿರುವ ಕ್ಯಾಸೆಟ್ಟುಗಳನ್ನು ನೋಡೋಣ. ಸಿನಿಮಾ ಕ್ಯಾಸೆಟ್ಟಿನಲ್ಲಿ ನಾಯಕ, ನಾಯಕಿಯರ ಫೋಟೋ. ಅದು ಸಿನಿಮಾದ ಜಾಹೀರಾತು, ಅದರಲ್ಲಿ ತಪ್ಪೇನಿಲ್ಲ. ಭಕ್ತಿಗೀತೆಯದರಲ್ಲಿ ದೇವರ ಪಟ, ಕೆಳಗಿನ ಮೂಲೆಯಲ್ಲಿ ಮೊಟ್ಟೆಯಾಕಾರದ ಚೌಕಟ್ಟಿನೊಳಗೆ ಗಾಯಕರ ನಗುಮುಖ. ಕೊಂಡವರು ಕ್ಯಾಸೆಟ್ಟಿಗೂ ಕೈ ಮುಗಿಯುತ್ತಿದ್ದರು. ಆ ಹೊದಿಕೆ ಮಾಡಬೇಕಾದ ಕೆಲಸ ಮಾಡಿತು ಎನ್ನಬೇಕು. ತೊಡಕು ಬಂದದ್ದು ಭಾವಗೀತೆಗೆ. ಅದಕ್ಕೆ ನಾಯಕನೂ ಇಲ್ಲ, ದೇವರೂ ಇಲ್ಲ. ಆದ್ದರಿಂದ ಮುಳುಗುವ ಸೂರ್ಯ, ಒಂಟಿ ದೋಣಿ, ಮಂಜು ಮುಸುಕಿದ ಮರ. ಯಾವ ಕವಿಯ ಮೇಲಾದರೂ ಹೊದಿಸಬಹುದಾದ ಬಾಡಿಗೆಯ ಶಾಲು! ಕೆ.ಎಸ್. ನರಸಿಂಹಸ್ವಾಮಿಯವರ ದಾಂಪತ್ಯಕ್ಕೂ ಶಿಶುನಾಳ ಶರೀಫರ ತತ್ವಪದಕ್ಕೂ ಒಂದೇ ಸೂರ್ಯಾಸ್ತ ಸಾಕೆಂದರೆ ಚಿತ್ರಗಾರ ಎರಡನ್ನೂ ಕೇಳಿಲ್ಲವೆಂದೇ ಅರ್ಥ.

ಇಷ್ಟಾದರೂ ಭಾವಗೀತೆಯ ಕ್ಯಾಸೆಟ್ಟಿನ ಒಂದು ಗುಣವನ್ನು ಎಷ್ಟು ಹೊಗಳಿದರೂ ಸಾಲದು. ಅಲ್ಲಿ ಕವಿಗೆ ಮರ್ಯಾದೆ ಇತ್ತು. ಕವಿಯ ಹೆಸರು ಮುಂದೆ, ಕೆಲವೊಮ್ಮೆ ಕವಿಯ ಮುಖವೇ ಮುಂದೆ. ಸಿ. ಅಶ್ವತ್ಥರಂಥ ದೊಡ್ಡ ಗಾಯಕರು ಹಾಡಿದರೂ ಇದು ಇಂಥ ಕವಿಯ ಹಾಡು ಎಂದು ಜನಕ್ಕೆ ಗೊತ್ತಿರುತ್ತಿತ್ತು. ಪುಸ್ತಕ ಕೊಳ್ಳದ ಮನೆಗೂ ಕವಿಯ ಹೆಸರನ್ನು ಮುಟ್ಟಿಸಿದ್ದು ಆ ಚಿಕ್ಕ ಕಾಗದ.

ಅಕ್ಷರದ ಮಾತೂ ಸ್ವಲ್ಪ ಹೇಳಬೇಕು. ಕಂಪ್ಯೂಟರ್ ಬರುವ ಮೊದಲು ಇಂಥ ತಲೆಬರಹಗಳನ್ನು ಚಿತ್ರಗಾರರೇ ಕುಂಚದಲ್ಲಿ ಬರೆಯುತ್ತಿದ್ದರು. ಕನ್ನಡ ಅಕ್ಷರ ದುಂಡಗೆ, ನೋಡಲು ಚೆಂದ; ಜಾಗಕ್ಕೆ ಮಾತ್ರ ದುಬಾರಿ. ಒತ್ತಕ್ಷರ ಕೆಳಗಿಳಿಯುತ್ತದೆ, ಗುಡಿಸು ಮೇಲೇರುತ್ತದೆ. 'ನಿತ್ಯೋತ್ಸವ' ಎಂಬ ನಾಲ್ಕೇ ಅಕ್ಷರದ ಮಾತಿನಲ್ಲಿ ಎರಡು ಒತ್ತು! ಬೆರಳ ದಪ್ಪದ ಬೆನ್ನಿನ ಮೇಲೆ ಅದನ್ನು ಕೂರಿಸುವುದು ಸುಲಭವಲ್ಲ. ಹೀಗಾಗಿ ಎಷ್ಟೋ ಕಂಪನಿಗಳು ಬೆನ್ನಿಗೆ ಇಂಗ್ಲಿಷ್ ಅಕ್ಷರವನ್ನೇ ಹಾಕಿ ಕೈ ತೊಳೆದುಕೊಂಡವು. ಒತ್ತನ್ನು ಪಕ್ಕಕ್ಕೆ ಸರಿಸಿ, ಕೊಂಬನ್ನು ಬಗ್ಗಿಸಿ ಹೊಸ ಅಕ್ಷರರೂಪ ಕಟ್ಟುವುದೇ ಕಲೆಯ ವಿದ್ಯಾರ್ಥಿಯ ಕೆಲಸ. ಜಾಗವಿಲ್ಲ ಎಂದು ಭಾಷೆಯನ್ನೇ ಬಿಡುವುದು ಟೋಪಿ ಹಿಡಿಸಲಿಲ್ಲವೆಂದು ತಲೆ ಕೊಯ್ದಂತೆ.

ಇನ್ನು ನಮ್ಮ ಊರಿಗೆ ಬರೋಣ. 1958ರಲ್ಲಿ ತೆರೆದ ಎಂಬಕಸಿಯ ವಿಮಾನ ನಿಲ್ದಾಣಕ್ಕೆ 1978ರಲ್ಲಿ ಜೋಮೋ ಕೆನ್ಯಾಟ್ಟಾರ ಹೆಸರು ಬಂತು. ಆ ಬಾಗಿಲಿನಿಂದಲೇ ನಮ್ಮ ಕ್ಯಾಸೆಟ್ಟುಗಳು ನೈರೋಬಿಗೆ ಬಂದವು, ಉಪ್ಪಿನಕಾಯಿ ಡಬ್ಬಿ, ಸಾರಿನ ಪುಡಿಗಳ ನಡುವೆ ಸೀರೆಯಲ್ಲಿ ಸುತ್ತಿಕೊಂಡು. ಒಂದು ಮನೆಗೆ ಬಂದ ಕ್ಯಾಸೆಟ್ಟು ಎರಡು ಬಾಯಿಯ ಟೇಪ್‌ರೆಕಾರ್ಡರಿನಲ್ಲಿ ಹತ್ತು ಮನೆಗಾಗುತ್ತಿತ್ತು. ಹಾಡಿನ ಜೊತೆಗೆ ಹೊದಿಕೆಯೂ ಜೆರಾಕ್ಸ್ ಆಗುತ್ತಿತ್ತು. ಚಿತ್ರಕ್ಕೆ ಅದಕ್ಕಿಂತ ಕಠಿಣ ಪರೀಕ್ಷೆ ಇಲ್ಲ. ಜೆರಾಕ್ಸ್ ಯಂತ್ರಕ್ಕೆ ಗೊತ್ತಿದ್ದದ್ದು ಕಪ್ಪು, ಬಿಳುಪು ಎರಡೇ. ಬಣ್ಣದ ಸೂರ್ಯಾಸ್ತ ಮಸಿಯಾಯಿತು, ಗಾಯಕರ ನಗುಮುಖದಲ್ಲಿ ಹಲ್ಲು ಮಾತ್ರ ಉಳಿಯಿತು. ಗೆರೆಯ ಚಿತ್ರ, ದಪ್ಪ ಅಕ್ಷರ, ಕವಿಯ ಹೆಸರು ಹತ್ತನೆಯ ಮನೆಗೂ ಹಾಗೇ ತಲುಪಿದವು. ಉಡುಪಿಯ ಬಳಿಯ ಕಟ್ಟಿಂಗೇರಿಯವರಾದ ಕೆ.ಕೆ. ಹೆಬ್ಬಾರರು 1964ರಲ್ಲಿ ತಮ್ಮ ರೇಖಾಚಿತ್ರಗಳ ಪುಸ್ತಕಕ್ಕೆ 'ದಿ ಸಿಂಗಿಂಗ್ ಲೈನ್', ಅಂದರೆ ಹಾಡುವ ರೇಖೆ, ಎಂದು ಹೆಸರಿಟ್ಟರು. ಹಾಡನ್ನು ಚಿತ್ರವಾಗಿಸಲು ಹೊರಟ ಯಾರಿಗೂ ಆ ಎರಡು ಪದಗಳೇ ಸಾಕಾದ ಪಾಠ.

ಹೊದಿಕೆಯೊಳಗೆ ಮಡಿಸಿಟ್ಟ ಸಾಹಿತ್ಯದ ಹಾಳೆ ಇದ್ದರಂತೂ ಅದು ಮನೆಯ ಪಾಠಪುಸ್ತಕವೇ. ಶಾಲೆಯಲ್ಲಿ ಇಂಗ್ಲಿಷ್, ಸ್ವಾಹಿಲಿ ಕಲಿಯುವ ಮಕ್ಕಳು ಹಾಡು ಕೇಳುತ್ತ ಸಾಲಿನ ಮೇಲೆ ಬೆರಳಾಡಿಸಿ ಅಕ್ಷರ ಗುರುತು ಹಿಡಿದದ್ದನ್ನು ನಾವು ಎಷ್ಟೋ ಮನೆಗಳಲ್ಲಿ ಕಂಡಿದ್ದೇವೆ.

ಈಗ ಹಾಡು ಫೋನಿನಲ್ಲಿದೆ. ಅಲ್ಲಿಯೂ ಹೊದಿಕೆ ಇದೆ, ಅದೂ ಚೌಕ. ತಟ್ಟೆ ಹೋದರೂ ತಟ್ಟೆಯ ಆಕಾರ ಉಳಿದುಕೊಂಡಿತು ನೋಡಿ! ಆದರೆ ಹಾಡುಗಳ ಪಟ್ಟಿಯಲ್ಲಿ ಅದು ಹೆಬ್ಬೆಟ್ಟಿನ ಉಗುರಿನಷ್ಟು. ಕೆಳಗೆ ಗಾಯಕರ ಹೆಸರು ಬರುತ್ತದೆ. ಕವಿಯ ಹೆಸರನ್ನು ಹುಡುಕಿ ತೆಗೆಯಬೇಕು, ಎಷ್ಟೋ ಸಲ ಹುಡುಕಿದರೂ ಇರುವುದಿಲ್ಲ. ಮಡಿಸಿದ ಹಾಳೆಯಂತೂ ಇಲ್ಲವೇ ಇಲ್ಲ. ಇಲ್ಲಿ ಹುಟ್ಟಿ ಬೆಳೆದ ಮಕ್ಕಳು 'ನಿತ್ಯೋತ್ಸವ'ವನ್ನು ತಪ್ಪಿಲ್ಲದೆ ಹಾಡುತ್ತಾರೆ, ಬರೆದವರು ಯಾರೆಂದರೆ ಮುಖ ಮುಖ ನೋಡುತ್ತಾರೆ. ತಪ್ಪು ಮಕ್ಕಳದಲ್ಲ. ಹಾಡನ್ನು ಕೊಟ್ಟೆವು, ಹೊದಿಕೆಯನ್ನು ಕೊಡಲಿಲ್ಲ. ಕವಿತೆ ಪುಸ್ತಕದಿಂದ ಕಳಚಿ ಹಾಡಾದಾಗ ಕವಿಯ ಹೆಸರನ್ನು ಹಿಡಿದಿಟ್ಟ ಕೊನೆಯ ದಾರ ಅದು.

ಬರುವ ರಾಜ್ಯೋತ್ಸವಕ್ಕೆ ಸಂಘದ ಮಕ್ಕಳು ಹಾಡಿದ ಹತ್ತು ಭಾವಗೀತೆಗಳನ್ನು ಧ್ವನಿಮುದ್ರಿಸಿ ಮನೆಮನೆಗೆ ಕೊಡುವ ಮಾತು ನಡೆದಿರುವುದರಿಂದ ಸದಸ್ಯ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟು. ಹಾಡು ಫೋನಿನಲ್ಲೇ ಬರಲಿ, ಜೊತೆಗೆ ಕಾಗದದ ಹೊದಿಕೆಯೊಂದು ಇರಲಿ. ಮುಖಪುಟದಲ್ಲಿ ಫೋಟೋ ಬೇಡ. ಕರ್ನಾಟಕದ ನಕ್ಷೆಯೂ ಬೇಡ, ಕೀನ್ಯಾದ ಸಿಂಹವೂ ಬೇಡ. ಗೆರೆಯಲ್ಲಿ ಬರೆದ ಒಂದೇ ಚಿತ್ರ ಸಾಕು. ಚಿತ್ರಕಲೆ ಓದುತ್ತಿರುವ ನಮ್ಮ ಸಂಘದ ಹುಡುಗ ಹುಡುಗಿಯರು ಅದನ್ನು ಬರೆಯಲಿ, ಆದರೆ ಹತ್ತೂ ಹಾಡು ಕೇಳಿ, ಅರ್ಥ ತಿಳಿದು ಬರೆಯಲಿ. ಅರ್ಥ ಹೇಳಲು ಮನೆಯ ಹಿರಿಯರು ಒಂದು ಭಾನುವಾರ ಕೂರಲಿ. ತಲೆಬರಹ ಕನ್ನಡದಲ್ಲೇ ಇರಲಿ, ಕೈಬರಹದ್ದಾದರೆ ಇನ್ನೂ ಚೆನ್ನ. ಹಾಡಿದ ಮಕ್ಕಳ ಹೆಸರು ಎಷ್ಟು ದಪ್ಪವೋ ಕವಿಗಳ ಹೆಸರೂ ಅಷ್ಟೇ ದಪ್ಪವಿರಲಿ. ಒಳಗೆ ಹತ್ತೂ ಹಾಡಿನ ಸಾಹಿತ್ಯ, ಕೆಳಗೆ ಕಠಿಣ ಪದಗಳಿಗೆ ಅರ್ಥ ಇರಲಿ. ಕವಿಗಳ ಅಥವಾ ಅವರ ಮನೆಯವರ ಒಪ್ಪಿಗೆ ಕೇಳುವ ಕಾಗದವನ್ನು ಕಾರ್ಯದರ್ಶಿಗಳು ಈಗಲೇ ಬರೆಯಲಿ. ಚಿತ್ರ ಬರೆದವರ ಹೆಸರನ್ನೂ ಹಾಕಿ, ಬಣ್ಣ ಕಾಗದದ ಖರ್ಚಿನ ಮೇಲೆ ಒಂದಿಷ್ಟು ಸಂಭಾವನೆಯನ್ನೂ ಕೊಡಬೇಕು. ಚಿತ್ರ ಎಂದರೆ ಪುಕ್ಕಟೆ ಎಂಬ ಭಾವನೆ ನಮ್ಮ ಜನರಲ್ಲಿ ಬಹಳ ಹಳೆಯದು.

ಕಾರ್ಯಕಾರಿ ಸಮಿತಿಯ ಗುಂಪು ಫೋಟೋ ಹಾಕಲೇಬೇಕೆಂಬ ಹಿರಿಯರಿಗೆ ಹಿಂದಿನ ಪುಟದಲ್ಲಿ ಜಾಗ ಮಾಡಿಕೊಡೋಣ. ಹೊದಿಕೆಯನ್ನು ಅಚ್ಚಿಗೆ ಕೊಡುವ ಮೊದಲು ಈ ಪತ್ರಿಕೆಯ ಪ್ರತಿ ತೆಗೆಯುವ ಯಂತ್ರದಲ್ಲೇ ಒಮ್ಮೆ ಹಾಯಿಸಿ ನೋಡೋಣ. ಚಿತ್ರ ಯಾವುದು, ಹಾಡು ಯಾವುದು, ಕವಿ ಯಾರು ಎಂದು ಆ ಪ್ರತಿಯಿಂದ ತಿಳಿದರೆ ಹೊದಿಕೆ ಪಾಸಾಯಿತು ಎಂದುಕೊಳ್ಳಬಹುದು.