ಪೇರಲ ಕೊಂಬೆಗೊಂದು ಹೆದೆ

ಮಹಾನವಮಿಯ ಒಂಬತ್ತು ದಿನ ಮುಗಿದ ಮೇಲೆ ಕೃಷ್ಣದೇವರಾಯ ಹಂಪಿ ಪಟ್ಟಣದ ಹೊರಗೆ ದಂಡನ್ನು ಸಾಲಾಗಿ ನಿಲ್ಲಿಸಿ ನೋಡುತ್ತಿದ್ದ. 1520ರ ಆಸುಪಾಸಿನಲ್ಲಿ ಆ ಸಡಗರವನ್ನು ಕಣ್ಣಾರೆ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಒಂದು ಸಂಗತಿ ಬರೆದಿಟ್ಟಿದ್ದಾನೆ. ರಾಯ ಬಿಲ್ಲು ಕೈಗೆತ್ತಿಕೊಂಡು ಮೂರು ಬಾಣ ಬಿಟ್ಟನಂತೆ. ಒಂದು ಬಿಜಾಪುರದ ಆದಿಲಶಾಹಿಗೆ, ಒಂದು ಗೋಲ್ಕೊಂಡದ ಕುತುಬಶಾಹಿಗೆ, ಇನ್ನೊಂದು ಪೋರ್ಚುಗೀಸರಿಗೆ. ಯಾವ ಬಾಣ ಹೆಚ್ಚು ದೂರ ಹೋಗಿ ಬೀಳುತ್ತದೋ ಆ ದಿಕ್ಕಿನ ರಾಜ್ಯದ ಮೇಲೆ ದಂಡು ಹೊರಡುವುದು ವಾಡಿಕೆ. ಪಾಯಸ್ ಬಿಲ್ಲುಗಾರರನ್ನೂ ಬಿಟ್ಟಿಲ್ಲ. ಚಿನ್ನ ಬೆಳ್ಳಿಯ ತಗಡು ಹೊದಿಸಿದ ಬಿಲ್ಲು, ಮೆರುಗು ಕೊಟ್ಟ ಬಿಲ್ಲು, ಅಚ್ಚುಕಟ್ಟಾಗಿ ಗರಿ ಕಟ್ಟಿದ ಬಾಣ, ಎಲ್ಲವೂ ಅವನ ಬರಹದಲ್ಲಿವೆ. ತಗಡಿನ ಒಳಗೆ ಯಾವ ಮರ ಇತ್ತು ಎಂಬುದೊಂದೇ ಇಲ್ಲ. ಬಿಲ್ಲಿನ ಹುಚ್ಚು ಹತ್ತಿದವರಿಗೆ ಬೇಕಾದದ್ದು ಅದೇ.

ಬಿಲ್ಲಿನ ವಿಚಾರದಲ್ಲಿ ಹಂಪಿ ಅದಕ್ಕೂ ಮೊದಲೇ ತಲೆಕೆಡಿಸಿಕೊಂಡ ಊರು. ಇಮ್ಮಡಿ ದೇವರಾಯನ ಕಾಲದಲ್ಲಿ (1424–1446) ಬಹಮನಿಗಳ ಕೈ ಯಾಕೆ ಮೇಲಾಗುತ್ತಿದೆ ಎಂಬ ಪ್ರಶ್ನೆ ಎದ್ದಾಗ, ಅವರ ಕುದುರೆಯಿಂದ ಮತ್ತು ಅವರ ಬಿಲ್ಲುಗಾರಿಕೆಯಿಂದ ಎಂಬ ಉತ್ತರ ಆಸ್ಥಾನದಿಂದಲೇ ಬಂತೆಂದು ಇತಿಹಾಸಕಾರ ಫೆರಿಸ್ತಾ ಹೇಳುತ್ತಾನೆ. ದೇವರಾಯ ತಡಮಾಡಲಿಲ್ಲ. ಮುಸ್ಲಿಂ ಬಿಲ್ಲುಗಾರರನ್ನು ಸೇನೆಗೆ ಸೇರಿಸಿಕೊಂಡ, ತನ್ನವರಿಗೂ ವಿದ್ಯೆ ಕಲಿಸಿದ. 2,000 ಮುಸ್ಲಿಮರು, 60,000 ಹಿಂದೂ ಬಿಲ್ಲುಗಾರರು ಎಂಬುದು ಫೆರಿಸ್ತಾನ ಲೆಕ್ಕ. ಹಳೆಯ ಇತಿಹಾಸಕಾರರ ಸೊನ್ನೆಗಳನ್ನು ಕೊಂಚ ಅನುಮಾನದಿಂದ ನೋಡುವುದೇ ಒಳ್ಳೆಯದು. ಆ ರಾಯನ ಅಧಿಕಾರಿ ಅಹಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿಯಂತೂ ಹಂಪಿಯಲ್ಲಿ ಇಂದಿಗೂ ನಿಂತಿದೆ.

ಕುದುರೆಯ ಮೇಲಿನಿಂದ ಹೊಡೆಯುವವರದು ಕೂಡುಬಿಲ್ಲು. ನಡುವೆ ತೆಳ್ಳನೆಯ ಮರ, ಹೊಟ್ಟೆಯ ಕಡೆ ಕೊಂಬಿನ ಪಟ್ಟಿ, ಬೆನ್ನಿಗೆ ಪ್ರಾಣಿಯ ನರ, ಇವನ್ನೆಲ್ಲ ಹಿಡಿದಿಡಲು ಅಂಟು. ಗಿಡ್ಡದಾದರೂ ಭಾರೀ ಬಲ. ಆದರೆ ಒಂದೊಂದು ಬಿಲ್ಲು ಒಣಗಿ ಹದಕ್ಕೆ ಬರಲು ತಿಂಗಳುಗಟ್ಟಲೆ ಬೇಕು, ಮಳೆಗಾಲದ ತೇವಕ್ಕೆ ಅಂಟು ಸಡಿಲ. ಅರಮನೆಯ ಖರ್ಚಿಗೆ ಅದು ಸರಿ. ಕಾಲಾಳಿಗೆ, ಕಾಡಿನ ಬೇಡನಿಗೆ ಬೇಕಾದದ್ದು ಒಂದೇ ಮರದಿಂದ ಕೆತ್ತಿದ ಬಿಲ್ಲು, ಇಲ್ಲವೇ ಬಿದಿರಿನ ಬಿಲ್ಲು. ಕೌಟಿಲ್ಯನ ಅರ್ಥಶಾಸ್ತ್ರ ಬಿಲ್ಲಿಗೆ ಹೇಳುವ ಸಾಮಗ್ರಿ ನಾಲ್ಕು: ತಾಳೆ, ಬಿದಿರು, ಮರ, ಕೊಂಬು. ಪಟ್ಟಿಯ ಮೊದಲಿಗೇ ಒಂದು ಹಣ್ಣಿನ ಮರ, ಬೇಸಿಗೆಯಲ್ಲಿ ತಾಟಿನಿಂಗು ಕೊಡುವ ತಾಳೆ!

ಹಾಗಾದರೆ ಈ ಸೀಮೆಯ ಹಣ್ಣಿನ ಮರಗಳಲ್ಲಿ ಬಿಲ್ಲಿಗೆ ಬರುವುದು ಯಾವುದು?

ಹೆಸರುವಾಸಿಯಾದವುಗಳಿಂದ ಏನೂ ಗಿಟ್ಟುವುದಿಲ್ಲ. ಹೊಸಪೇಟೆ, ಕಮಲಾಪುರ, ಹಂಪಿಯ ಹೊಳೆದಂಡೆಯ ತುಂಬ ಬಾಳೆ, ಅದಕ್ಕೆ ಮರವೇ ಇಲ್ಲ. ಬಳ್ಳಾರಿ ಸೀಮೆಯ ಅಂಜೂರದ ಹಣ್ಣು ಎಷ್ಟು ರುಚಿಯೋ ಮರ ಅಷ್ಟೇ ಮೆದು. ಮಾವು ಬಾಗಿಲಿಗೆ, ಪೆಟ್ಟಿಗೆಗೆ ಸಾಕು. ಬಾಗಿಸಿದರೆ ತಿರುಗಿ ನೆಟ್ಟಗಾಗುವ ಗುಣ ಅದಕ್ಕಿಲ್ಲ. ಹುಣಸೆ ಗಟ್ಟಿ, ಗಾಣಕ್ಕೂ ಒನಕೆಗೂ ಹೇಳಿಮಾಡಿಸಿದ್ದು, ಆದರೆ ಎಳೆ ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ನೆಟ್ಟಗೆ ಸೀಳುವುದೇ ಇಲ್ಲ. ಇನ್ನು ಹಂಪಿಯ ಬಂಡೆಗಳ ಸಂದಿಯಲ್ಲೆಲ್ಲ ತಾನೇ ತಾನಾಗಿ ಬೆಳೆದ ಸೀತಾಫಲ. ಹಜಾರರಾಮ ಗುಡಿಯ ಗೋಡೆಯಲ್ಲಿ ಸುಗ್ರೀವನ ಅನುಮಾನ ಕಳೆಯಲು ರಾಮ ಏಳು ಮರಗಳಿಗೆ ಬಾಣ ಹೂಡಿ ನಿಂತಿದ್ದಾನೆ; ಸೀತೆಯ ಹೆಸರಿದ್ದೂ ರಾಮನ ಬಿಲ್ಲಿಗೆ ಬಾರದ ಮರ ಈ ಸೀತಾಫಲವೊಂದೇ ಇರಬೇಕು.

ಬಿಲ್ಲಿನ ಮರಕ್ಕೆ ಬರಿಯ ಗಟ್ಟಿತನ ಸಾಲದು. ಹೆದೆ ಎಳೆದಾಗ ಗುರಿಯ ಕಡೆಗಿರುವ ಬೆನ್ನು ಹಿಗ್ಗುತ್ತದೆ, ಎಳೆಯುವವನ ಕಡೆಗಿರುವ ಹೊಟ್ಟೆ ಕುಗ್ಗುತ್ತದೆ. ಎರಡನ್ನೂ ಒಟ್ಟಿಗೆ ತಾಳಿಕೊಂಡು, ಬಿಟ್ಟ ಕೂಡಲೇ ಮೊದಲಿನ ಆಕಾರಕ್ಕೆ ಮರಳಬೇಕು. ಇಂಗ್ಲೆಂಡಿನವರು ಇದಕ್ಕೆ ಯೂ ಮರ ಹಿಡಿದರು. ಅಮೆರಿಕದ ಮೂಲನಿವಾಸಿಗಳು ಓಸೇಜ್ ಆರೆಂಜ್ ಎಂಬ ಮರ ಹಿಡಿದರು. ಕಿತ್ತಳೆಗೂ ಅದಕ್ಕೂ ಏನೂ ಸಂಬಂಧವಿಲ್ಲ, ಅದು ನಮ್ಮ ಹಲಸು, ಹಿಪ್ಪುನೇರಳೆಗಳ ಕುಟುಂಬದ್ದು. ಹಾಕಿ ಸ್ಟಿಕ್ಕಿಗೆ ಬಳಸುವ ಹಿಪ್ಪುನೇರಳೆ ಬಿಲ್ಲಿಗೂ ಒಳ್ಳೆಯ ಮರವೇ. ಆದರೆ ನಮ್ಮ ರೇಷ್ಮೆ ಬೆಳೆಗಾರರು ಸೊಪ್ಪಿಗಾಗಿ ಅದನ್ನು ಮತ್ತೆ ಮತ್ತೆ ಸವರಿ ಗಿಡ್ಡ ಮಾಡುವುದರಿಂದ ಕೊಂಬೆ ಮುಂಗೈ ಗಾತ್ರಕ್ಕೆ ಬರುವುದು ಅಪರೂಪ.

ನಿಜವಾದ ಬಿಲ್ಲಿನ ಮರ ಯಾರೂ ನೆಡದ ಹಣ್ಣಿನ ಮರ, ತಡಸಲು. ಎಲೆಯುದುರುವ ಕಾಡಿನದು, ಬಟಾಣಿ ಗಾತ್ರದ ಹುಳಿಸಿಹಿ ಹಣ್ಣು, ಮಾಗಿದಾಗ ಕಪ್ಪು. ಉತ್ತರದಲ್ಲಿ ಧಾಮನ್ ಎನ್ನುವ ಇದರ ಮರ ಬಾಗುವುದಕ್ಕೆ, ಪೆಟ್ಟು ತಾಳುವುದಕ್ಕೆ ಹೆಸರಾದದ್ದು. ಬಂಡಿಯ ಮೂಕಿ, ಹೆಗಲ ಮೇಲಿನ ಹೊರೆಯ ಅಡ್ಡೆ, ಕೊಡಲಿಯ ಕಾವು, ಬ್ರಿಟಿಷರ ಕಾಲದಲ್ಲಿ ಗಾಲ್ಫ್ ಕೋಲು, ಮತ್ತು ಬಿಲ್ಲು. ಅಡ್ಡೆಯ ಎರಡೂ ತುದಿಗೆ ಭಾರ ಹೊತ್ತು ಹೆಜ್ಜೆಹೆಜ್ಜೆಗೂ ಬಾಗಿ ಏಳುವ ಮರಕ್ಕೆ ಬಿಲ್ಲಿನ ಕೆಲಸ ಹೊಸದೇನಲ್ಲ.

ಆದರೆ ತಡಸಲಿಗಾಗಿ ಕತ್ತಿ ಹಿಡಿದು ಸಂಡೂರಿನ ಬೆಟ್ಟ ಹತ್ತುವ ಹಾಗಿಲ್ಲ. ಮೀಸಲು ಅರಣ್ಯದಲ್ಲಿ ಕೊಂಬೆ ಕಡಿಯುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ಕಾಯ್ದೆ ಇಲ್ಲದಿದ್ದರೂ ಆ ಬೆಟ್ಟಗಳ ಮೈಮೇಲೆ ಅದಿರಿನ ಗಣಿಗಳು ಎಳೆದ ಗಾಯಗಳೇ ಸಾಕಷ್ಟಿವೆ. ಅತ್ತ ದರೋಜಿಯಲ್ಲಿ 1994ರಿಂದ ಕರಡಿಧಾಮ ಇದೆ. ಸಂಜೆ ಬಂಡೆಗೆ ಬೆಲ್ಲ ಸವರಿ ಕರಡಿ ಕರೆಯುವುದನ್ನು ಪ್ರವಾಸಿಗರು ಬಲ್ಲರು. ಉಳಿದ ಹೊತ್ತು ಅವು ಹೊಟ್ಟೆ ಹೊರೆಯುವುದು ಬಾರಿ, ಕವಳೆ, ತಡಸಲಿನ ಬಳಗದ ಜಾನೆಯಂಥ ಕಾಡುಹಣ್ಣುಗಳಿಂದ. ಕರಡಿಯ ಪಾಲಿಗೆ ಕೈ ಹಾಕುವುದು ಈ ಹವ್ಯಾಸಕ್ಕೆ ಶೋಭೆಯಲ್ಲ. ಬಿಲ್ಲು ಕೈಗೆ ಬಂದ ಮೇಲೆ ಮೊಲದ ಮೇಲೆ ಕಣ್ಣು ಹೋಗುವವರಿಗೆ 1972ರ ವನ್ಯಜೀವಿ ಕಾಯ್ದೆಯೂ ನೆನಪಿರಲಿ.

ಉಳಿಯುವುದು ತೋಟ. ತೋಟದಲ್ಲಿ ಗೆಲ್ಲುವುದು ಪೇರಲ.

ಕ್ಯಾಟರ್‌ಬಿಲ್ಲು ಮಾಡಿದ ಹುಡುಗರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಕವೆಗೋಲು ಬೇಕೆಂದರೆ ಅವರು ಹತ್ತುತ್ತಿದ್ದದ್ದು ಪೇರಲ ಗಿಡವನ್ನೇ. ನುಣುಪು ತೊಗಟೆ, ಬಿಗಿಯಾದ ಸಣ್ಣ ಎಳೆ, ಬಾಗಿದರೂ ಸುಲಭಕ್ಕೆ ಮುರಿಯದ ಕೊಂಬೆ. ವಿಚಿತ್ರವೆಂದರೆ ರಾಯನ ಬಿಲ್ಲುಗಾರರಿಗೆ ಈ ಮರವೇ ಗೊತ್ತಿರಲಿಲ್ಲ. ಪೇರಲ ಅಮೆರಿಕದ ಗಿಡ, ನಮ್ಮಲ್ಲಿಗೆ ತಂದವರು ಪೋರ್ಚುಗೀಸರು. ಮೂರನೆಯ ಬಾಣ ಯಾರ ದಿಕ್ಕಿಗೆ ಹೋಗಿತ್ತೋ ಅವರ ಕಡೆಯಿಂದ ಬಂದ ಹಣ್ಣು! ಬಾರಿ ಮರವೂ ಗಟ್ಟಿತನದಲ್ಲಿ ಕಡಿಮೆಯಿಲ್ಲ, ಆದರೆ ಮುಳ್ಳು, ಗಂಟು, ಸೊಟ್ಟ ಎಲ್ಲ ಸೇರಿ ತಾಳ್ಮೆ ಕೆಡಿಸುತ್ತದೆ.

ಪೇರಲಕ್ಕೂ ಸೊಟ್ಟ ಬೆಳೆಯುವ ಚಾಳಿ ಉಂಟು. ಹಾಗಾಗಿ ಹಣ್ಣು ಕೊಡುವ ಕೊಂಬೆ ಬಿಟ್ಟು, ಬುಡದಿಂದ ನೆಟ್ಟಗೆ ಎದ್ದ ಮರಿಗಳನ್ನು ಹುಡುಕಬೇಕು. ರೈತನಿಗೆ ಅವು ಸವರಿ ಎಸೆಯುವ ಕಸ, ಕೇಳಿದರೆ ಬೇಡ ಎನ್ನುವವರು ಕಡಿಮೆ. ಮುಂಗೈ ದಪ್ಪ, ಐದೂವರೆ ಅಡಿ ಉದ್ದ, ಗಂಟು ಆದಷ್ಟು ಕಡಿಮೆ. ಕಡಿದ ದಿನವೇ ಎರಡೂ ತುದಿಗೆ ಬಣ್ಣವನ್ನೋ ಮೇಣವನ್ನೋ ಬಳಿಯದಿದ್ದರೆ ಹೊಸಪೇಟೆಯ ಬಿಸಿಲಿಗೆ ಅವು ಬಾಯಿಬಿಡುತ್ತವೆ. ಹಣ್ಣಿನ ಮರಗಳು ಹೆಚ್ಚಾಗಿ ಒಣಗುವಾಗ ಸಿಕ್ಕಾಪಟ್ಟೆ ಕುಗ್ಗುವಂಥವು, ನೆರಳಲ್ಲಿ ನಿಧಾನಕ್ಕೆ ಒಣಗಿಸಬೇಕು.

ಕೆತ್ತುವಾಗ ಬಾಚಿಗೆ, ಅರಕ್ಕೆ ಒಂದೇ ಕಟ್ಟಳೆ: ಬೆನ್ನನ್ನು ಮುಟ್ಟಬಾರದು. ತೊಗಟೆ ಸುಲಿದ ಮೇಲೆ ಕಾಣುವ ಹೊರಮೈಯೇ ಬಿಲ್ಲಿನ ಬೆನ್ನು. ಅಲ್ಲಿ ಒಂದು ಎಳೆ ತುಂಡಾದರೂ ಮುಂದೊಂದು ದಿನ ಅಲ್ಲಿಂದಲೇ ಸಿಗುರೇಳುತ್ತದೆ. ಕೆತ್ತನೆಯೆಲ್ಲ ಹೊಟ್ಟೆಯ ಕಡೆಯಿಂದ. ಹಿಡಿ ದಪ್ಪಕ್ಕೆ ಉಳಿದು, ಎರಡೂ ರೆಕ್ಕೆ ತುದಿಯ ಕಡೆಗೆ ತೆಳ್ಳಗಾಗಬೇಕು. ಆಮೇಲೆ ಗೋಡೆಯ ಗೂಟಕ್ಕೆ ಹಿಡಿಯನ್ನು ಸಿಕ್ಕಿಸಿ, ಸಡಿಲ ಹಗ್ಗ ಕಟ್ಟಿ, ನಾಲ್ಕು ಬೆರಳಷ್ಟು ಎಳೆದು, ದೂರ ನಿಂತು ನೋಡುವುದು. ಎಡರೆಕ್ಕೆ ಬಾಗಿ ಬಲರೆಕ್ಕೆ ಸೆಟೆದು ನಿಂತಿದ್ದರೆ ಬಲಕ್ಕೆ ಗಾಜಿನ ಚೂರಿನಿಂದ ನಾಲ್ಕು ಗೀರು, ಮತ್ತೆ ಎಳೆತ, ಮತ್ತೆ ನೋಟ. ದಪ್ಪ ಹತ್ತರಲ್ಲೊಂದು ಪಾಲು ಇಳಿದರೆ ಬಿಲ್ಲಿನ ಬಿಗಿ ಕಾಲು ಭಾಗಕ್ಕಿಂತಲೂ ಹೆಚ್ಚು ಇಳಿಯುತ್ತದೆ. ಅವಸರದವರ ಕೈಯಲ್ಲಿ ಬಿಲ್ಲು ಬೆತ್ತವಾಗುವುದು ಹೀಗೇ. 28 ಅಂಗುಲ ಎಳೆಯುವವನಿಗೆ ಬಿಲ್ಲು 62 ಅಂಗುಲವಾದರೂ ಇರಬೇಕು.

ಪೇರಲದ ಬೆನ್ನಿನ ಮೇಲೆ ನಂಬಿಕೆ ಬಾರದವರಿಗೆ ಮೇದಾರರ ಮನೆ ಇದೆ. ಆನೆಗೊಂದಿಯ ಹೊಳೆಯಲ್ಲಿ ಬುಟ್ಟಿಯಂಥ ದುಂಡು ದೋಣಿ ಕಂಡು ಪಾಯಸ್ ಬರೆದಿಟ್ಟಿದ್ದ. ಆ ಹರಿಗೋಲನ್ನು ಹೆಣೆಯುವುದು ಬಿದಿರಿನ ಸೀಳಿನಿಂದ. ಹಿಗ್ಗುವ ಒತ್ತಡ ತಾಳುವುದರಲ್ಲಿ ಬಿದಿರನ್ನು ಮೀರಿಸುವ ಮರ ಕಡಿಮೆ. ನುರಿತ ಕೈ ಸೀಳಿಕೊಟ್ಟ ಒಂದು ಪಟ್ಟಿಯನ್ನು ಒಣಗಿದ ಪೇರಲಕ್ಕೆ ಬೆನ್ನಾಗಿ ಅಂಟಿಸಿದರೆ ಸಿಗುರೇಳುವ ಭಯ ಬಹುಮಟ್ಟಿಗೆ ಹೋಗುತ್ತದೆ. ಬಡವನ ಕೂಡುಬಿಲ್ಲು ಎನ್ನಬಹುದು.

ಹೆದೆಗೆ ಅರ್ಥಶಾಸ್ತ್ರ ಮೂರ್ವಾ, ಸೆಣಬು, ನರಗಳ ಜೊತೆಗೆ ಎಕ್ಕದ ನಾರನ್ನೂ ಹೇಳುತ್ತದೆ. ಕಂಪ್ಲಿಗೆ ಹೋಗುವ ದಾರಿಯುದ್ದಕ್ಕೂ ಎಕ್ಕ ಸಿಗುತ್ತದೆ. ಕಾಂಡ ಒಣಗಿದ ಮೇಲೆ ತೊಗಟೆ ಬಿಡಿಸಿ, ನಾರು ಹೊಸೆಯುವುದು ಒಂದು ಮಧ್ಯಾಹ್ನದ ಕೆಲಸ. ಹಾಲು ಕಣ್ಣಿಗೆ ತಾಗದಂತೆ ನೋಡಿಕೊಳ್ಳಬೇಕು. ಗುರಿಗೆ ಕಂಪ್ಲಿಯ ಕೊಯ್ಲಾದ ಭತ್ತದ ಗದ್ದೆಯೇ ಸರಿ. ಬದುವಿಗೆ ಒತ್ತಾಗಿ ಹುಲ್ಲಿನ ಪೆಂಡಿ ಒಟ್ಟಿ, 30 ಮೀಟರು ಅಳೆದು ನಿಂತರೆ ಆಯಿತು. ಮರ, ಬಿದಿರಿನ ಬಿಲ್ಲುಗಳಿಗೆಂದೇ ಇರುವ ಇಂಡಿಯನ್ ರೌಂಡ್ ಸ್ಪರ್ಧೆಯ ಸಣ್ಣ ದೂರವೂ ಅಷ್ಟೇ. ಆಟ ಮುಗಿದ ಕೂಡಲೇ ಹೆದೆ ಇಳಿಸಿಡಬೇಕು. ಏರಿಸಿದ್ದು ಏರಿಸಿದಂತೆಯೇ ಗೋಡೆಗೆ ಒರಗಿಸಿಟ್ಟರೆ ಪೇರಲ ಆ ಬಾಗನ್ನೇ ರೂಢಿ ಮಾಡಿಕೊಂಡು, ಮುಂದಿನ ವಾರ ಬಾಣ ಅರ್ಧ ಗದ್ದೆಗೇ ಬೀಳುತ್ತದೆ.