ಶಾಂತವೇರಿಯ ಗೌಡರೂ ‘ಅವಸ್ಥೆ’ಯ ಗೌಡನೂ

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆ ಯು. ಆರ್. ಅನಂತಮೂರ್ತಿಯವರ ‘ಅವಸ್ಥೆ’ಯ ಮಾತೆತ್ತಿದರೆ ಸಾಕು, “ಅದು ನಮ್ಮ ಗೋಪಾಲಗೌಡರ ಕಥೆಯಲ್ಲವೆ?” ಎಂದು ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. 1978ರಲ್ಲಿ ಹೊರಬಂದ ಆ ಕಾದಂಬರಿಯನ್ನು ಮೊದಲ ಸಲ ಓದಿದಾಗ ನಾನೂ ಹಾಗೆಯೇ ಓದಿದೆ. ಈಚೆಗೆ ಮತ್ತೊಮ್ಮೆ ಓದಿದ ಮೇಲೆ, ಇಂಥ ಓದಿನಿಂದ ಕಾದಂಬರಿಗೂ ಅನ್ಯಾಯವಾಗುತ್ತದೆ, ಗೌಡರಿಗೂ ಅನ್ಯಾಯವಾಗುತ್ತದೆ ಎಂಬ ಅಭಿಪ್ರಾಯಕ್ಕೆ ಬಂದಿದ್ದೇನೆ.

ಶಾಂತವೇರಿ ಗೋಪಾಲಗೌಡರು 1923ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ ಹುಟ್ಟಿದರು. 1942ರ ಚಳವಳಿಯಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಸೆರೆಮನೆ ಕಂಡರು. 1952ರಲ್ಲಿ, ಮೂವತ್ತು ತುಂಬುವ ಮೊದಲೇ, ಸಾಗರ–ಹೊಸನಗರ ಕ್ಷೇತ್ರದಿಂದ ಸಮಾಜವಾದಿಯಾಗಿ ಶಾಸನಸಭೆ ಪ್ರವೇಶಿಸಿದರು. 1957ರಲ್ಲಿ ಸೋತು, 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. ಮಂತ್ರಿಪದವಿಯನ್ನು ಎಂದೂ ಕಾಣದೆ, ದೀರ್ಘ ಕಾಯಿಲೆಯಿಂದ ನರಳಿ, 1972ರ ಜೂನ್ ತಿಂಗಳಲ್ಲಿ ತೀರಿಕೊಂಡರು. ಆಗ ಅವರಿಗೆ ನಾಲ್ವತ್ತೊಂಬತ್ತು ವರ್ಷ. ಕಾವ್ಯವನ್ನು ಪ್ರೀತಿಸಿ ಓದುತ್ತಿದ್ದ, ಲೇಖಕರ ಸ್ನೇಹವನ್ನು ಬಯಸುತ್ತಿದ್ದ ರಾಜಕಾರಣಿ ಅವರು. ಹೀಗಾಗಿ ಸಾಹಿತ್ಯ ಅವರನ್ನು ನೆನೆದುದರಲ್ಲಿ ಆಶ್ಚರ್ಯವಿಲ್ಲ. ಆದರೆ ಹೇಗೆ ನೆನೆಯಿತು ಎಂಬುದು ವಿಚಾರ ಮಾಡತಕ್ಕ ಸಂಗತಿ.

‘ಅವಸ್ಥೆ’ಯ ಕೃಷ್ಣಪ್ಪಗೌಡ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದವನು. ದನ ಕಾಯುವ ಹುಡುಗನಾಗಿದ್ದವನು ನಾಯಕನಾಗಿ ಬೆಳೆದು, ಅಧಿಕಾರ ತಾನಾಗಿ ಬಾಗಿಲಿಗೆ ಬಂದ ಹೊತ್ತಿನಲ್ಲಿ, ಬದುಕನ್ನೆಲ್ಲ ಹಿಂತಿರುಗಿ ನೋಡುತ್ತಾನೆ. ಮಹೇಶ್ವರಯ್ಯ, ಅಣ್ಣಾಜಿ, ಗೌರಿ ದೇಶಪಾಂಡೆ ಒಬ್ಬೊಬ್ಬರಾಗಿ ಅವನ ನೆನಪಿಗೆ ಬರುತ್ತಾರೆ. ಕೈಹಿಡಿದ ಹೆಂಡತಿಯೊಡನೆ ಅವನು ನಡೆದುಕೊಳ್ಳುವ ರೀತಿಯನ್ನು ಲೇಖಕರು ಮುಚ್ಚಿಡುವುದಿಲ್ಲ. ತನ್ನೊಳಗಿನ ಸಣ್ಣತನವನ್ನು ತಾನೇ ಕಂಡು ನಾಚುವ ಇಂಥ ರಾಜಕಾರಣಿ ಕನ್ನಡ ಕಾದಂಬರಿಯಲ್ಲಿ ವಿರಳ. ಈ ಕೃತಿಯ ಸತ್ತ್ವವಿರುವುದೂ ಅಲ್ಲಿಯೇ. ಇದನ್ನೆಲ್ಲ ಗೋಪಾಲಗೌಡರ ಮನೆಯ ಸಮಾಚಾರವೆಂದು ಓದುವುದು ಅರಸಿಕತೆ ಮಾತ್ರವಲ್ಲ, ಅನುಚಿತ ಕೂಡ. ಅಮೆರಿಕದ ರಾಬರ್ಟ್ ಪೆನ್ ವಾರನ್ 1946ರಲ್ಲಿ ‘ಆಲ್ ದ ಕಿಂಗ್ಸ್ ಮೆನ್’ ಬರೆದಾಗ, ಅಲ್ಲಿಯ ಓದುಗರೂ ಅದರ ನಾಯಕನಲ್ಲಿ ಲೂಸಿಯಾನದ ಹ್ಯೂಯಿ ಲಾಂಗನನ್ನೇ ಹುಡುಕಿದರು. ಮೂಲವ್ಯಕ್ತಿಯನ್ನು ಗುರುತಿಸಿಬಿಟ್ಟರೆ ಕೃತಿಯನ್ನು ಅರಿತಂತಾಗುವುದಿಲ್ಲ.

ಆದರೂ ನನ್ನದೊಂದು ಆಕ್ಷೇಪಣೆಯುಂಟು. ಗೋಪಾಲಗೌಡರನ್ನು ಗೋಪಾಲಗೌಡರನ್ನಾಗಿ ಮಾಡಿದ್ದು ಸಾಗರ ತಾಲ್ಲೂಕಿನ ಕಾಗೋಡು. 1951ರ ಏಪ್ರಿಲ್‌ನಲ್ಲಿ ಅಲ್ಲಿಯ ಗೇಣಿದಾರರು ಎದ್ದು ನಿಂತದ್ದು ಒಂದು ಕೊಳಗದ ಕಾರಣದಿಂದ. ಗೇಣಿ ಇಷ್ಟು ಕೊಳಗ ಭತ್ತವೆಂದು ಗೊತ್ತಾಗಿರುತ್ತಿತ್ತು. ಒಡೆಯರು ಅಳೆಯುವ ಕೊಳಗ ಮಾತ್ರ ಸರ್ಕಾರದ ಅಳತೆಗಿಂತ ದೊಡ್ಡದು. ಲೆಕ್ಕ ಸರಿಯಾಗಿಯೇ ಇರುತ್ತಿತ್ತು, ರೈತನ ಕಣ ಮಾತ್ರ ಬರಿದಾಗುತ್ತಿತ್ತು. ಎಚ್. ಗಣಪತಿಯಪ್ಪನವರು ಮೊದಲೇ ರೈತರನ್ನು ಸಂಘಟಿಸಿದ್ದರು. ಹೆಚ್ಚಿನವರು ದೀವರು. ಸಮಾಜವಾದಿಗಳು ಜೊತೆಗೂಡಿದರು, ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧಿತರಾದರು. ಗೌಡರ ನಾಯಕತ್ವ ಈ ಗುಂಪಿನ ನಡುವೆ ಬೆಳೆದದ್ದು, ಗುಂಪಿನಿಂದ ಸಾಲ ಪಡೆದದ್ದು.

‘ಅವಸ್ಥೆ’ಯಲ್ಲಿಯೂ ರೈತರ ಹೋರಾಟ ಬರುತ್ತದೆ. ಬಂದರೂ ಅದು ನಾಯಕನ ನೆನಪಿನೊಳಗಿನ ಒಂದು ಘಟ್ಟವಾಗಿ ಬರುತ್ತದೆ. ಅವನ ಆತ್ಮಶೋಧನೆಗೆ ಮೆಟ್ಟಿಲಾಗಿ ಹಿಂದೆ ಸರಿಯುತ್ತದೆ. ಗಣಪತಿಯಪ್ಪನಂಥವನೊಬ್ಬ ಸರಿಸಮನಾಗಿ ನಿಂತು ಕೃಷ್ಣಪ್ಪನನ್ನು ಪ್ರಶ್ನಿಸುವುದಿಲ್ಲ. ಬುದ್ಧಿಜೀವಿಗಳ, ಗುರುಗಳ, ಪ್ರೇಯಸಿಯ ಕಣ್ಣಿನಲ್ಲಿ ಅವನು ತನ್ನನ್ನು ನೋಡಿಕೊಳ್ಳುತ್ತಾನೆ. ಭತ್ತ ಅಳೆದುಕೊಟ್ಟವನ ಕಣ್ಣಿನಲ್ಲಿ ಅಷ್ಟಾಗಿ ಅಲ್ಲ. ಕಾದಂಬರಿಕಾರನಿಗೆ ತನ್ನ ವಸ್ತುವನ್ನು ಆಯ್ದುಕೊಳ್ಳುವ ಸ್ವಾತಂತ್ರ್ಯವಿದೆಯೆಂಬುದನ್ನು ನಾನು ಬಲ್ಲೆ. ಆದರೆ ‘ಇದೇ ಗೋಪಾಲಗೌಡರ ಕಥೆ’ ಎಂದು ನಾವು ಒಪ್ಪಿಕೊಂಡ ದಿನ, ಕಾಗೋಡಿನ ಜನ ತಮ್ಮ ಚರಿತ್ರೆಯಲ್ಲಿಯೇ ಹಿನ್ನೆಲೆಯ ನೆರಳಾಗುತ್ತಾರೆ.

ಗೇಣಿಪದ್ಧತಿಯನ್ನು ಕೊನೆಗಾಣಿಸಿದ ಭೂಸುಧಾರಣೆ ಜಾರಿಗೆ ಬಂದದ್ದು 1974ರಲ್ಲಿ. ಗೌಡರು ಆಗ ಇರಲಿಲ್ಲ. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಡಬೇಕೆಂಬ ಅವರ ಹಟವೂ 1973ರಲ್ಲಿ, ಅವರ ಕಾಲಾನಂತರವೇ ಕೈಗೂಡಿತು. ಸೋತಂತೆ ಕಾಣುವ ಒಬ್ಬನ ಬಾಳು ಹೊರಗಿನ ಲೋಕದಲ್ಲಿ ಹೀಗೆ ಫಲಿಸುತ್ತದೆ. ಹಾಸಿಗೆಯಲ್ಲಿ ಮಲಗಿದವನ ಮನಸ್ಸೊಂದನ್ನೇ ಹಿಡಿದು ಹೊರಟ ಕಾದಂಬರಿಗೆ ಇದು ಎಟುಕದಿದ್ದರೆ ತಪ್ಪೇನಲ್ಲ.

ಆದುದರಿಂದ ‘ಅವಸ್ಥೆ’ಯನ್ನು ಕೃಷ್ಣಪ್ಪನಿಗಾಗಿ ಓದೋಣ, ಅದು ಓದಲೇಬೇಕಾದ ಪುಸ್ತಕ. ಗೋಪಾಲಗೌಡರ ಕಥೆ ಬೇಕಾದವರು ಆ ಕೊಳಗದಿಂದ ಆರಂಭಿಸಬೇಕು. ಅದನ್ನು ಗೇಣಿದಾರನ ಕಡೆಯಿಂದ ಬರೆಯುವ ಕಾದಂಬರಿಗಾಗಿ ನಾನಿನ್ನೂ ಕಾಯುತ್ತಿದ್ದೇನೆ.